ಗೋಡೆ ಮುಚ್ಚೋ ಮುಂಚೆ: ಹಳೇ ಮನೆಯಲ್ಲಿ ಪೈಪು, ವೈರು ಎಲ್ಲಿ ಬರಬೇಕು?

ಈ ವಾರ ಮನೆ ರಿಪೇರಿಯ ಒಂದೇ ಒಂದು ಹಂತದ ಬಗ್ಗೆ ಮಾತಾಡೋಣ. ಗೋಡೆಗೆ ಪ್ಲಾಸ್ಟರ್, ಟೈಲ್ಸ್ ಅಥವಾ ಪ್ಯಾನೆಲ್ ಹಾಕಿ ಮುಚ್ಚೋ ಮುಂಚೆ ನಲ್ಲಿ, ಸ್ವಿಚ್ಚು, ಪ್ಲಗ್ಗು ಎಲ್ಲೆಲ್ಲಿ ಅಂತ ತೀರ್ಮಾನ ಮಾಡೋ ಹಂತ ಅದು. ನಾನು ಬಿ.ಕಾಂ ಓದಿದವನು, ಇಂಜಿನಿಯರ್ ಅಲ್ಲ. ಆದ್ರೆ ಚಾಮರಾಜಪೇಟೆಯ ನಮ್ಮಜ್ಜಿ ಮನೆ ರಿಪೇರಿಯ ಖರ್ಚಿನ ಲೆಕ್ಕ ನನ್ನ ಕೈಯಲ್ಲಿದೆ. ಆ ಲೆಕ್ಕ ಬರೀತಾ ಅರ್ಥ ಆಗಿದ್ದು ಇಷ್ಟು: ಇಡೀ ಕೆಲಸದಲ್ಲಿ ಅತಿ ಅಗ್ಗದ ಬದಲಾವಣೆ ಅಂದ್ರೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಅಳಿಸಿ ಬರೆಯೋದು.

ಹಳೇ ಮನೆ ಯಾಕೆ ಬೇರೆ?

ಚಾಮರಾಜಪೇಟೆ ಶುರುವಾಗಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗ್ ನಂತರ ಬೆಳೆದವು. ಬೆಂಗಳೂರಿಗೆ ಶಿವನಸಮುದ್ರದ ಕರೆಂಟ್ ಬಂದಿದ್ದು 1905ರಲ್ಲಿ. ಅಂದ್ರೆ ಇಲ್ಲಿನ ಮೊದಮೊದಲ ಮನೆಗಳನ್ನ ಕಟ್ಟುವಾಗ ವೈರಿಂಗ್ ಅನ್ನೋ ಮಾತೇ ಇರಲಿಲ್ಲ. ಆಮೇಲೆ ಬಂದ ವೈರು ಮರದ ಪಟ್ಟಿ ಮೇಲೆ ಗೋಡೆ ಹೊರಗೇ ಓಡ್ತಿತ್ತು. ಚೆಂದ ಕಾಣದಿದ್ರೂ, ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಕಣ್ಣಿಗೆ ಕಾಣ್ತಿತ್ತು. ಈಗ ಎಲ್ಲವನ್ನೂ ಗೋಡೆ ಒಳಗೆ ಹೂಳ್ತೀವಿ.

ಇನ್ನೊಂದು ವಿಷಯ. ಮದ್ರಾಸ್ ಟೆರೇಸ್ ಮನೆಗಳಲ್ಲಿ ಪಿಲ್ಲರ್ ಇರಲ್ಲ. ತೊಲೆ, ಇಟ್ಟಿಗೆ, ಗಾರೆಯ ಚಾವಣಿಯನ್ನ ಗೋಡೆಯೇ ಹೊರುತ್ತೆ. ಹೊಸ ಆರ್‌ಸಿಸಿ ಮನೆಯಲ್ಲಾದ್ರೆ ಕಾಂಕ್ರೀಟ್ ಸುರಿಯೋ ಮುಂಚೆ ಸ್ಲ್ಯಾಬ್ ಒಳಗೆ ಪೈಪ್ ಹಾಸ್ತಾರೆ. ಇಲ್ಲಿ ಅದು ಆಗಲ್ಲ, ಗೋಡೆಯೇ ಗತಿ. ಹಾಗಂತ ಗೋಡೆಯನ್ನ ಅಡ್ಡಡ್ಡ ಕೊರೀತಾ ಹೋದ್ರೆ ಅದರ ಬಲ ಕುಗ್ಗುತ್ತೆ. ಮೇಲಿಂದ ಕೆಳಕ್ಕೆ ನೇರವಾಗಿ, ಬೇಕಾದಷ್ಟೇ ಆಳಕ್ಕೆ ಕೊರೆಸಿ. ಅಡ್ಡ ಹೋಗಲೇಬೇಕಾದ್ರೆ ಚಾವಣಿ ಕೆಳಗೆ ಹೊರಗಿಂದಲೇ ಪಟ್ಟಿಯಲ್ಲಿ ಓಡಿಸಬಹುದು. ಓರೆಯಾಗಿ ಬೇಡವೇ ಬೇಡ. ನಾಳೆ ಕ್ಯಾಲೆಂಡರ್‌ಗೆ ಮೊಳೆ ಹೊಡೆಯೋರಿಗೆ ವೈರು ಎಲ್ಲಿದೆ ಅಂತ ಊಹೆ ಮಾಡೋಕೂ ಆಗಲ್ಲ.

ಮೊದಲು ದಿನಚರಿ, ಆಮೇಲೆ ಡ್ರಾಯಿಂಗ್

ಎಲೆಕ್ಟ್ರಿಷಿಯನ್ "ಬೋರ್ಡ್ ಎಲ್ಲಿ ಬೇಕು?" ಅಂದಾಗ ನಾವೆಲ್ಲ ಟಿವಿ ಗೋಡೆ ನೋಡಿದ್ವಿ. ಅಜ್ಜಿ ಮಾತ್ರ, "ರಾತ್ರಿ ಬಚ್ಚಲಿಗೆ ಎದ್ದಾಗ ಕತ್ತಲಲ್ಲಿ ತಡಕಾಡೋ ಹಾಗಾಗಬಾರದು ಕಣೋ" ಅಂದ್ರು. ಪ್ಲಾನ್ ಶುರುವಾಗಬೇಕಾದ್ದು ಅಲ್ಲಿಂದಲೇ. ಮಂಚದ ಪಕ್ಕ ಒಂದು ಸ್ವಿಚ್, ಬಾಗಿಲ ಹತ್ತಿರ ಇನ್ನೊಂದು, ಎರಡರಿಂದಲೂ ಅದೇ ಲೈಟ್. ಇದೇ ಟೂ-ವೇ. ಎರಡು ಸ್ವಿಚ್ ನಡುವೆ ಹೆಚ್ಚುವರಿ ವೈರ್ ಬೇಕು, ಅದಕ್ಕೇ ಮೊದಲೇ ಹೇಳಬೇಕು. ಕಮೋಡ್ ಪಕ್ಕ ಹಿಡಿದು ಏಳೋಕೆ ಹಿಡಿ ಹಾಕಿಸ್ತೀರಾ? ಇಟ್ಟಿಗೆ ಗೋಡೆಯಾದ್ರೆ ಸರಿ. ಪ್ಯಾನೆಲ್ ಗೋಡೆಯಾದ್ರೆ ಅದರ ಹಿಂದೆ ಗಟ್ಟಿ ಚೌಕಟ್ಟು ಈಗಲೇ ಕೂರಬೇಕು. ಬರೀ ಪ್ಯಾನೆಲ್ ಮನುಷ್ಯರ ಭಾರ ತಡೆಯಲ್ಲ.

ಅಡುಗೆಮನೆಯಲ್ಲಿ ಮಿಕ್ಸಿ, ಫ್ರಿಡ್ಜ್, ಚಿಮಣಿ, ನೀರಿನ ಫಿಲ್ಟರ್ ಎಲ್ಲದರ ಜಾಗ ಗುರುತು ಮಾಡಿ. ಆರ್‌ಒ ಫಿಲ್ಟರ್‌ಗೆ ಮೂರು ಬೇಕು: ನೀರು ಬರೋ ಪೈಪು, ಹೊರಗೆ ಬಿಡೋ ಪೈಪು, ಪ್ಲಗ್ಗು. ವಾಷಿಂಗ್ ಮಷೀನ್‌ಗೂ ಇದೇ ಮೂರು. ಕಾವೇರಿ ನೀರು, ಬೋರ್‌ವೆಲ್ ನೀರು ಎರಡೂ ಇರೋ ಮನೆಯಾದ್ರೆ ಅಡುಗೆಮನೆಯ ಒಂದು ನಲ್ಲಿಗೆ ಕಾವೇರಿ ಲೈನ್ ಬೇರೆಯಾಗಿ ಎಳೆಸಿ.

ಅಳತೆ ತಪ್ಪೋದು ಬಚ್ಚಲಲ್ಲಿ

ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಅಳತೆ ತಗೋಬೇಕಾದ್ದು ಈಗ ಕಾಣೋ ಇಟ್ಟಿಗೆಯಿಂದ ಅಲ್ಲ, ಮುಂದೆ ಬರೋ ಟೈಲ್ಸ್‌ನ ಮುಖದಿಂದ. ಪ್ಲಾಸ್ಟರ್, ಅಂಟು, ಟೈಲ್ಸ್ ಸೇರಿದ್ರೆ ಗೋಡೆ ಹೆಚ್ಚುಕಡಿಮೆ ಒಂದು ಇಂಚು ಮುಂದೆ ಬರುತ್ತೆ. ಷವರ್ ಡೈವರ್ಟರ್‌ನ ಒಳಭಾಗ ತುಂಬಾ ಆಳಕ್ಕೆ ಕೂತರೆ ಹಿಡಿ ಸರಿಯಾಗಿ ಕೂರಲ್ಲ. ಎಷ್ಟು ಆಳ ಅಂತ ಅದರ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಗುರುತು ಇರುತ್ತೆ, ನೋಡಿ. ಕಮೋಡ್‌ದೂ ಅಷ್ಟೆ: ಮೊದಲು ಮಾಡೆಲ್ ಆರಿಸಿ, ಆಮೇಲೆ ಪೈಪು ಇಡಿಸಿ. ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು, ಸಾಮಾನ್ಯ ಪಿವಿಸಿ ಶಾಖ ತಡೆಯಲ್ಲ.

ಈಗ ಗೀಸರ್ ಲೆಕ್ಕ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪ್ ಎಳೆಯುತ್ತೆ. 6 ಆಂಪ್ ಪ್ಲಗ್‌ಗೆ ಹಾಕಿದ್ರೆ ಬಿಸಿಯಾಗಿ ಸುಡುತ್ತೆ. 16 ಆಂಪ್ ಪಾಯಿಂಟು, ದಪ್ಪ ವೈರು ಬೇಕು. ಹಳೇ ಮನೆಗಳಲ್ಲಿ ಎರಡು ಪಿನ್ನಿನ ಪ್ಲಗ್‌ಗಳೇ ಹೆಚ್ಚು, ಅರ್ಥಿಂಗ್ ವೈರೇ ಇರಲ್ಲ. ಗೋಡೆ ತೆರೆದಿರುವಾಗಲೇ ಪ್ರತಿ ಪಾಯಿಂಟ್‌ಗೂ ಅರ್ಥಿಂಗ್ ಎಳೆಸಿ, ಮೇನ್ ಬೋರ್ಡ್‌ನಲ್ಲಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಸೋರಿದ ಕೂಡಲೇ ಅದು ಲೈನ್ ಕಡಿಯುತ್ತೆ. ಒದ್ದೆ ಕೈಯಲ್ಲಿ ನಲ್ಲಿ ಮುಟ್ಟೋ ಜಾಗದಲ್ಲಿ ಜೀವ ಉಳಿಸೋದು ಇದೇ.

ಪಾಯಿಂಟ್ ಲೆಕ್ಕದ ಮಾಯೆ

ಎಲೆಕ್ಟ್ರಿಷಿಯನ್‌ಗಳು ಸಾಮಾನ್ಯವಾಗಿ ಪಾಯಿಂಟ್‌ಗೆ ಇಷ್ಟು ಅಂತ ರೇಟ್ ಹೇಳ್ತಾರೆ. ಹಾಗಾಗಿ ಪಾಯಿಂಟ್ ಕಡಿಮೆ ಮಾಡಿ ದುಡ್ಡು ಉಳಿಸೋ ಆಸೆ ಬರುತ್ತೆ. ಆದ್ರೆ ಟೈಲ್ಸ್ ಕೂತ ಮೇಲೆ ಒಂದು ಪಾಯಿಂಟ್ ಸೇರಿಸ್ಬೇಕು ಅಂದ್ರೆ ಒಡೆಯೋ ಕೂಲಿ, ಎಲೆಕ್ಟ್ರಿಷಿಯನ್, ಮೇಸ್ತ್ರಿ, ಹೊಸ ಟೈಲ್ಸ್ ಎಲ್ಲಾ ಕೊಡಬೇಕು. ಬ್ಯಾಚ್ ಬದಲಾದ್ರೆ ಟೈಲ್ಸ್ ಬಣ್ಣವೂ ಹೊಂದಲ್ಲ. ಅದಕ್ಕೇ ಅದೇ ಬ್ಯಾಚ್‌ನ ಒಂದು ಬಾಕ್ಸ್ ಎತ್ತಿಟ್ಟುಕೊಳ್ಳಿ. ಟಿವಿ ಹಿಂದೆ ಒಂದು ಖಾಲಿ ಪೈಪನ್ನೂ ಬಿಡಿಸಿ. ನಾಳೆ ಯಾವ ಕೇಬಲ್ ಬಂದ್ರೂ ಗೋಡೆ ಒಡೆಯದೆ ತೂರಿಸಬಹುದು.

ಮುಚ್ಚೋ ಹಿಂದಿನ ದಿನ ಮೂರು ಕೆಲಸ

ಒಂದು, ಎಲ್ಲಾ ನೀರಿನ ಪೈಪುಗಳ ಬಾಯಿ ಮುಚ್ಚಿಸಿ, ಕೈಪಂಪಿನಿಂದ ಪ್ರೆಷರ್ ಕೊಡಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಗೇಜ್‌ನ ಮುಳ್ಳು ಇಳಿದಿದ್ರೆ ಎಲ್ಲೋ ಸೋರಿಕೆ ಇದೆ ಅಂತ ಅರ್ಥ. ಎರಡು, ಮನೆಯವರೆಲ್ಲ, ಮುಖ್ಯವಾಗಿ ಅಡುಗೆ ಮಾಡೋರು ಮತ್ತು ಹಿರಿಯರು, ಒಂದು ಸಲ ಓಡಾಡಿ ಪ್ರತಿ ಗುರುತನ್ನೂ ಮುಟ್ಟಿ ನೋಡಲಿ. ಮೂರು, ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೋ ತೆಗೀರಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಅಳತೆ ಕಾಣಲಿ. ಫ್ಯಾಮಿಲಿ ಗ್ರೂಪಿಗೂ ಹಾಕಿ, ಒಂದು ಫೋನ್ ಕಳೆದ್ರೂ ಇನ್ನೊಂದರಲ್ಲಿ ಇರುತ್ತೆ.

ಮನೇಲಿ ರಿಪೇರಿ ನಡೀತಿರೋ ಫ್ರೆಂಡ್ ಇದ್ರೆ, ಟೈಲ್ಸ್ ಅಂಟಿಸೋ ಮುಂಚೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.