ಲಕ್ಷ್ಮಿಯೂ ಅವರೇ, ಸರಗಳ್ಳಿಯೂ ಅವರೇ

ಕೊಳದ ನಡುವೆ ತಾವರೆಯ ಮೇಲೆ ನಿಂತಿದ್ದಾಳೆ, ಪಕ್ಕದಲ್ಲೊಂದು ಆನೆ, ಸೀರೆಯ ಒಂದು ನೆರಿಗೆಯೂ ಕೆಟ್ಟಿಲ್ಲ. ರಾಜಾ ರವಿವರ್ಮನ ಈ ಲಕ್ಷ್ಮಿಯನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೂ ದೇವರ ಗೂಡಿನಲ್ಲೂ ಕ್ಯಾಲೆಂಡರಿನಲ್ಲೂ ಅವಳೇ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವಳಂತೆಯೇ ಸೀರೆಯುಟ್ಟು, ಕಿರೀಟ ಧರಿಸಿ, ತಾವರೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ನಾಲ್ಕು ಕೈಗಳಲ್ಲಿ ಎರಡಷ್ಟೇ ಅವರವು.

1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪುಷ್ಪಮಾಲಾ ಬರೋಡದಲ್ಲಿ ಕಲಿತದ್ದು ಶಿಲ್ಪಕಲೆ. ತೊಂಬತ್ತರ ದಶಕದಲ್ಲಿ ಕ್ಯಾಮೆರಾದ ಕಡೆ ಹೊರಳಿದರು, ಅದರ ಹಿಂದಕ್ಕಲ್ಲ, ಮುಂದಕ್ಕೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಸರಣಿಯಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಿವೆ. ಹೆಸರೇ ಒಂದು ಅಣಕ. ಇಲ್ಲಿನ ಜಾತಿ, ಬುಡಕಟ್ಟುಗಳನ್ನು ಪಟ್ಟಿಮಾಡಿ ಬ್ರಿಟಿಷರು ಬರೆದಿಟ್ಟ ದಪ್ಪ ಪುಸ್ತಕಗಳ ಧಾಟಿ ಅದು.

ಲಕ್ಷ್ಮಿಗೆ ರವಿವರ್ಮನ ಈ ಮುಖ ಬಂದು ಹೆಚ್ಚು ಕಾಲವೇನೂ ಆಗಿಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುಮಾಡಿದ. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು, ಕಾಗದ ಅಷ್ಟೂ ಕಲ್ಲುಗಳ ಮೇಲೆ ಸರದಿಯಂತೆ ಹಾಯಬೇಕು, ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿ ಕೆನ್ನೆಗೆ ಹೋದೀತು. ಕೊನೆಗೆ ವಾರ್ನಿಶ್ ಬಳಿದು ತೈಲಚಿತ್ರದ ಹೊಳಪು ಕೊಡುತ್ತಿದ್ದರು. ಅರಮನೆಯ ಗೋಡೆಗೆ ಬರೆಯುತ್ತಿದ್ದವನ ದೇವತೆಗಳು ಹೀಗೆ ಬಡವರ ಮನೆಯ ಮೊಳೆಗೂ ಬಂದು ನೇತುಬಿದ್ದರು. ಮನೆಯ ಹೆಂಗಸರು ಆ ಪಟಗಳಿಗೆ ಜರಿ, ಮಣಿ, ಬಟ್ಟೆ ಅಂಟಿಸಿ ಸಿಂಗಾರ ಮಾಡಿದರು. ಇವು ದೇವರಲ್ಲ, ನಾಟಕದ ಪಾತ್ರಗಳು ಎಂದು ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿಯಂಥವರು ಮೂಗು ಮುರಿದರು. ಆ ಮಾತು ಸುಳ್ಳಲ್ಲ. ಪುಷ್ಪಮಾಲಾ ಹಿಡಿದಿರುವುದೂ ಅದೇ ಎಳೆಯನ್ನು. ಅದು ನಾಟಕವೇ ಆಗಿದ್ದರೆ ಬಣ್ಣ ಹಚ್ಚಿ ಆಡಿಯೇ ನೋಡೋಣ ಎಂಬ ಹಟ ಅವರದು. ಬಣ್ಣ ಬಳಿದ ಪರದೆ, ಕಟ್ಟಿದ ಸೆಟ್ಟು, ಅಳತೆಗೆ ಹೊಲಿಸಿದ ರವಿಕೆ ಎಲ್ಲವನ್ನೂ ಸಿದ್ಧಪಡಿಸುವ ಕೆಲಸವೇ ಸರಣಿಯ ಇನ್ನೊಂದು ಭಾಗವಾಯಿತು.

ನನ್ನ ಮೆಚ್ಚಿನದು ಲಕ್ಷ್ಮಿಯಲ್ಲ, ಯೋಗಿನಿ. ಇದರ ಮೂಲ 17ನೇ ಶತಮಾನದ ಆರಂಭದ, ನಮ್ಮ ಬಿಜಾಪುರದ ಕಿರುಚಿತ್ರ. ಈಗಿರುವುದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ. ನೆತ್ತಿಗೆ ಕಟ್ಟಿದ ಜಟೆ, ಕೈಯಲ್ಲಿ ಮೈನಾ ಹಕ್ಕಿ, ಸುತ್ತ ಆಳೆತ್ತರದ ಹೂಗಿಡ, ದೂರದ ಗುಡ್ಡದಲ್ಲಿ ಅರಮನೆ. ಸಂನ್ಯಾಸಿನಿಯ ಮೈತುಂಬ ಒಡವೆ! ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಇಂಥದ್ದು ವಿಚಿತ್ರವೇನಲ್ಲ. ತಾನು ಗಣಪತಿ, ಸರಸ್ವತಿಯರ ಮಗ ಎಂದು ಹೇಳಿಕೊಂಡ ಸುಲ್ತಾನ ಅವನು. ವೈರಾಗ್ಯವೋ ವೈಭವವೋ ಎಂದು ಬಗೆಹರಿಯದ ಆ ಹೆಣ್ಣಿನ ಮುಖವನ್ನು ನಾನೂರು ವರ್ಷದ ಮೇಲೆ ಬೆಂಗಳೂರಿನ ಒಬ್ಬಾಕೆ ಹೊತ್ತು ನಿಂತಾಗ, ಮೂಲಚಿತ್ರದ ಗುಟ್ಟು ಕಡಮೆಯಾಗುವುದಿಲ್ಲ, ಹೆಚ್ಚುತ್ತದೆ.

ಅದೇ ಸಾಲಿನಲ್ಲಿ ವೇಲಾಂಕಣಿ ಮಾತೆ ಇದ್ದಾಳೆ. ಸಿನಿಮಾದ ಸ್ಟಿಲ್ಲುಗಳೂ ಇವೆ, ಅವು ಒಂದು ನಗೆಗೆ ಮುಗಿಯುತ್ತವೆ. ಸರಗಳ್ಳತನದ ಶಂಕೆಯ ಮೇಲೆ ಹಿಡಿದ ಹೆಂಗಸರ ಪತ್ರಿಕಾ ಚಿತ್ರದ ಮರುಸೃಷ್ಟಿ ಮಾತ್ರ ನಗಿಸುವುದಿಲ್ಲ. ತೋಡ ಬುಡಕಟ್ಟಿನ ಹೆಣ್ಣಾಗಿ, ಚೌಕಳಿ ಪರದೆಯ ಮುಂದೆ ನಿಂತ ಚಿತ್ರವಂತೂ ಇನ್ನೂ ಚುಚ್ಚುತ್ತದೆ. ಮನುಷ್ಯರ ಮೈಯನ್ನು ಅಳೆಯಲು ವಸಾಹತು ಕಾಲದ ಛಾಯಾಗ್ರಾಹಕರು ಬಳಸುತ್ತಿದ್ದ ಪರದೆ ಅದು. ಒಂದೇ ಮುಖ ಒಂದು ಕಡೆ ಕೈಮುಗಿಸಿಕೊಳ್ಳುತ್ತದೆ, ಇನ್ನೊಂದು ಕಡೆ ಅಳತೆಗೆ ಸಿಕ್ಕುತ್ತದೆ. ಯಾರಿಗೆ ಯಾವ ಚೌಕಟ್ಟು ಎಂದು ಗೊತ್ತುಮಾಡಿದವರು ಯಾರು ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ.

2012ರ ‘ಆವೇಗ’ ಕೃತಿಯಲ್ಲಿ ಪುಷ್ಪಮಾಲಾ ರಾಮಾಯಣಕ್ಕೇ ಇಳಿದರು. ಕೈಕೇಯಿ, ಶೂರ್ಪನಖಿ, ಸೀತೆ ಮೂವರೂ ಇವರೇ. ಅದನ್ನು ಕಂಡವರು ಮೈಸೂರಿನ ಜಗನ್ಮೋಹನ ಅರಮನೆಗೊಮ್ಮೆ ಹೋಗಬೇಕು. ಅಲ್ಲಿ ಜನ ಮುತ್ತುವುದು ದೀಪ ಹಿಡಿದ ಹುಡುಗಿಯ ಮುಂದೆ. ರವಿವರ್ಮನದೆಂದು ಎಷ್ಟೋ ಮಂದಿ ನಂಬಿರುವ ಆ ಜಲವರ್ಣ ಎಸ್. ಎಲ್. ಹಲ್ದಂಕರ್ ಅವರದು. ನೀವು ರವಿವರ್ಮನ ‘ಜಟಾಯು ವಧೆ’ಯನ್ನು ಹುಡುಕಿ. ಮೈಸೂರು ಅರಸರಿಗಾಗಿ ಅವನು ಬರೆದದ್ದು, 1906ರದು. ರಾವಣನ ಎತ್ತಿದ ಖಡ್ಗ, ಕತ್ತರಿಸಿದ ರೆಕ್ಕೆ, ಮುಖ ಮುಚ್ಚಿಕೊಂಡ ಸೀತೆ: ಕಂಪನಿ ನಾಟಕದಲ್ಲಿ ಪರದೆ ಬೀಳುವ ಮುಂಚಿನ ಭಂಗಿ ಇದಲ್ಲವೇ, ನೀವೇ ನೋಡಿ ಹೇಳಿ.