ಬಾಣಂತಿಯ ಮನಸ್ಸನ್ನು ಕೇಳುವವರಾರು?

ಹೆರಿಗೆಯಾದ ಮನೆಯಲ್ಲಿ ತಾಯಿಯ ಎಣ್ಣೆನೀರು, ಪಥ್ಯಗಳಿಗೆ ಸಾಮಾನ್ಯವಾಗಿ ಕೊರತೆಯಿರುವುದಿಲ್ಲ. ಆದರೆ ಆಕೆ ಮಂಕಾಗಿ ಕುಳಿತರೆ, ಕಾರಣ ಹೇಳದೆ ಅತ್ತರೆ, ಅದನ್ನು ಆಯಾಸವೆಂದೋ ಹಟವೆಂದೋ ತಳ್ಳಿಹಾಕುತ್ತೇವೆ. 'ಬಾಣಂತಿ ಸನ್ನಿ'ಯನ್ನು ಬಲ್ಲ ನಮ್ಮ ಸಮಾಜ, ಸದ್ದಿಲ್ಲದ ಖಿನ್ನತೆಯನ್ನು ಗುರುತಿಸದು.

ಇದು ಅಪರೂಪದ ಕಾಯಿಲೆಯಲ್ಲ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕ ಪ್ರಕಟಿಸಿದ ವಿಶ್ಲೇಷಣೆಯು, ಶೇ 22ರಷ್ಟು ಬಾಣಂತಿಯರಲ್ಲಿ ಖಿನ್ನತೆಯನ್ನು ಅಂದಾಜಿಸಿತು. ಇಷ್ಟು ಮಂದಿಯನ್ನು ಮನೋವೈದ್ಯರೇ ಹುಡುಕಿ ತಲುಪುವುದು ಅಸಾಧ್ಯ. ಮೊಬೈಲ್ ಫೋನ್ ನೆರವಾಗಬೇಕಾದುದು ಇಲ್ಲಿಯೇ.

ಇದಕ್ಕೆ ಬೇಕಾದ ಸಾಧನಗಳು ಬಿಡಿಬಿಡಿಯಾಗಿ ಈಗಾಗಲೇ ಇವೆ. 1987ರಲ್ಲಿ ರೂಪುಗೊಂಡ ಎಡಿನ್‌ಬರೊ ಮಾಪಕವು ಕಳೆದ ಏಳು ದಿನಗಳ ಮನಃಸ್ಥಿತಿಯನ್ನು ಹತ್ತೇ ಪ್ರಶ್ನೆಗಳಲ್ಲಿ ಅಳೆಯುತ್ತದೆ. ಕೇಂದ್ರ ಸರ್ಕಾರದ 'ಕಿಲ್ಕಾರಿ' ಯೋಜನೆ 2016ರಿಂದ ಹಲವು ರಾಜ್ಯಗಳಲ್ಲಿ ಗರ್ಭಿಣಿ, ಬಾಣಂತಿಯರ ಮನೆಗಳಿಗೆ ವಾರಕ್ಕೊಂದರಂತೆ 72 ಧ್ವನಿಸಂದೇಶಗಳನ್ನು ಕಳುಹಿಸುತ್ತಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ (14416) ಆಪ್ತಸಮಾಲೋಚಕರು ಉಚಿತವಾಗಿ ದೊರೆಯುತ್ತಾರೆ. ಅದಕ್ಕೆ ಮಾರ್ಗದರ್ಶನ ನಮ್ಮ ನಿಮ್ಹಾನ್ಸ್‌ನದು. ಒಂದು ಪ್ರಶ್ನಿಸುತ್ತದೆ, ಒಂದು ಹೇಳುತ್ತದೆ, ಮತ್ತೊಂದು ಆಲಿಸುತ್ತದೆ. ಈ ಮೂರನ್ನೂ ಜೋಡಿಸಬೇಕಾಗಿದೆ.

ಆದರೆ ಫೋನ್ ಯಾರ ಕೈಯಲ್ಲಿದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಸ್ವತಃ ಬಳಸುವ ಮೊಬೈಲ್ ಹೊಂದಿದ್ದ ಮಹಿಳೆಯರು ಶೇ 54 ಮಾತ್ರ. ಗಂಡನ ಫೋನಿಗೆ ಬಂದ ಕರೆಗೆ ಅತ್ತೆಯ ಎದುರು ಯಾವ ಸೊಸೆ ನಿಜ ನುಡಿದಾಳು? ಆದ್ದರಿಂದ ಪ್ರಶ್ನೆ ಕೇಳುವ ಸ್ಥಳ ಮನೆಯಲ್ಲ, ಲಸಿಕಾ ಕೇಂದ್ರ. ಆರನೆಯ ವಾರದ ಲಸಿಕೆಗೆ ತಾಯಿ ಮಗುವನ್ನು ಕರೆತಂದಾಗ, ಆಶಾ ಕಾರ್ಯಕರ್ತೆ ತನ್ನ ಫೋನನ್ನು ಆಕೆಯ ಕೈಗಿತ್ತು ಒಂದಿಷ್ಟು ದೂರ ಕುಳಿತರೆ ಸಾಕು. ಪ್ರಶ್ನೆಗಳು ಕನ್ನಡದಲ್ಲಿ ಧ್ವನಿಯಾಗಿ ಬರಲಿ. ಓದು ಬಾರದವಳೂ ಗುಂಡಿಯೊತ್ತಿ ಉತ್ತರಿಸಬಲ್ಲಳು. ಈ ಕೆಲಸಕ್ಕೆ ಆಶಾ ಕಾರ್ಯಕರ್ತೆಯರಿಗೆ ಪ್ರತ್ಯೇಕ ಪ್ರೋತ್ಸಾಹಧನ ನೀಡುವುದು ನ್ಯಾಯ.

ಮಾಪಕದ ಹತ್ತನೆಯ ಪ್ರಶ್ನೆ, ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅದಕ್ಕೆ ಹೌದೆಂದವಳೊಡನೆ ಸಮಾಲೋಚಕರು ಅಂದೇ ಮಾತನಾಡಬೇಕು. ಆ ವ್ಯವಸ್ಥೆಯಿಲ್ಲದೆ ಪ್ರಶ್ನೆ ಕೇಳುವುದೇ ಅಪರಾಧ.

ನಮೂನೆಯಲ್ಲಿ ಕಲಮಿಲ್ಲದ ಸಂಕಟಕ್ಕೆ ಆಯವ್ಯಯದಲ್ಲಿ ಹಣವೂ ಇರುವುದಿಲ್ಲವೆಂಬುದು ಆಡಳಿತದಲ್ಲಿ ನಾನು ಕಂಡುಕೊಂಡ ಸತ್ಯ. ಸರ್ಕಾರ ಮೊದಲು ಒಂದು ಜಿಲ್ಲೆಯಲ್ಲಿ ಇದನ್ನು ಆರಂಭಿಸಲಿ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಎಷ್ಟು ಕರೆ ಹೋದವೆಂದು ಕೇಳದೆ, ಎಷ್ಟು ತಾಯಂದಿರಿಗೆ ಚಿಕಿತ್ಸೆ ದೊರೆಯಿತೆಂದು ಕೇಳಲಿ.