ಎಚ್‌ಐವಿ ಇರುವವರಿಗೆ ಪಾದ ಉರಿ, ಜೋಮು ಏಕೆ? ಮಾತ್ರೆ ಬಿಡುವ ಮುನ್ನ ಇದನ್ನು ತಿಳಿಯಿರಿ

ಥಾಣೆ: ಡೊಂಬಿವಲಿ, ಕಲ್ಯಾಣ್‌ನಿಂದ ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣಿಸುವವರಿಗೆ, ಥಾಣೆ, ನವಿ ಮುಂಬೈನ ಹೋಟೆಲ್ ಅಡುಗೆಮನೆಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ಕಾಲು ನೋವು ಹೊಸದಲ್ಲ. ಆದರೆ ಎಚ್‌ಐವಿ ಸೋಂಕಿತರಿಗೆ ಎರಡೂ ಪಾದ ಉರಿಯುತ್ತಿದ್ದರೆ, ಜೋಮು ಬಿಡದೇ ಇದ್ದರೆ ಅದನ್ನು ಬರೀ ದಣಿವು ಎಂದುಕೊಳ್ಳಬೇಡಿ. ಅದು ನರಗಳ ತೊಂದರೆ ಇರಬಹುದು. ಇದಕ್ಕೆ ಹಲವು ಕಾರಣಗಳಿದ್ದು, ಕೆಲವನ್ನು ಸರಿಪಡಿಸಲು ಸಾಧ್ಯವಿದೆ.

ಪಾದದಿಂದಲೇ ಶುರುವಾಗುವುದೇಕೆ?

ಸೊಂಟದ ಬಳಿಯಿಂದ ಕಾಲ್ಬೆರಳ ತುದಿವರೆಗೆ ಹೋಗುವ ನರಗಳು ದೇಹದಲ್ಲೇ ಅತಿ ಉದ್ದದವು. ಹಾನಿಯಾದಾಗ ಮೊದಲು ಸೊರಗುವುದು ಇವುಗಳ ತುದಿ. ಹೀಗಾಗಿ ಉರಿ, ಸೂಜಿ ಚುಚ್ಚಿದ ಅನುಭವ, ಸ್ಪರ್ಶ ತಿಳಿಯದಿರುವುದು ಎರಡೂ ಪಾದಗಳಲ್ಲಿ ಶುರುವಾಗಿ ನಿಧಾನವಾಗಿ ಮೇಲಕ್ಕೆ ಹಬ್ಬುತ್ತದೆ. ಇದನ್ನು ಪೆರಿಫೆರಲ್ ನ್ಯೂರೋಪತಿ ಎನ್ನುತ್ತಾರೆ. ಎಚ್‌ಐವಿ ಇರುವವರಲ್ಲಿ ಹೆಚ್ಚಾಗಿ ಕಾಣುವ ನರದ ತೊಂದರೆ ಇದೇ.

ಹಳೆಯ ಔಷಧದ ನೆರಳು

ಸೋಂಕಿನಿಂದ ಉಂಟಾಗುವ ಉರಿಯೂತವೇ ನರಗಳನ್ನು ಹಾಳು ಮಾಡಬಲ್ಲದು. ಇನ್ನೊಂದು ಕಾರಣ ಔಷಧ. ಭಾರತದಲ್ಲಿ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ಮುಂಬೈನ ಜೆ.ಜೆ. ಆಸ್ಪತ್ರೆ ಮೊದಲ ಕೇಂದ್ರಗಳಲ್ಲಿ ಒಂದು. ಆಗ ಹೆಚ್ಚು ಬಳಕೆಯಲ್ಲಿದ್ದ ಸ್ಟಾವುಡಿನ್ ಲಕ್ಷಾಂತರ ಜೀವ ಉಳಿಸಲು ನೆರವಾಯಿತಾದರೂ, ನರಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಿಗೆ ಪೆಟ್ಟು ಕೊಟ್ಟಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಹಂತ ಹಂತವಾಗಿ ಕೈಬಿಡಲು ಸಲಹೆ ನೀಡಿತು. ಔಷಧ ನಿಂತರೂ ಕೆಲವರಲ್ಲಿ ಆಗಿನ ಹಾನಿ ಇಂದಿಗೂ ಉಳಿದಿದೆ.

ಈಗ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ. ಇದರಿಂದ ನರಗಳಿಗೆ ಸ್ಟಾವುಡಿನ್‌ನಂಥ ಹಾನಿಯಿಲ್ಲ. ಆದ್ದರಿಂದ ಪಾದ ಉರಿಗೆ ಹೆದರಿ ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಹೆಚ್ಚಿ ನಷ್ಟವೇ ಜಾಸ್ತಿ.

ಬೇರೆ ಕಾರಣಗಳೂ ಇವೆ

* ಕ್ಷಯ ತಡೆಗೆ ಕೊಡುವ ಐಸೋನಿಯಾಜಿಡ್ ದೇಹದ ಬಿ6 ವಿಟಮಿನ್ ತಗ್ಗಿಸುತ್ತದೆ. ಹಾಗಾಗಿಯೇ ಜತೆಗೆ ಬಿ6 ಮಾತ್ರೆ ಕೊಡುತ್ತಾರೆ.
* ಮಧುಮೇಹ, ಮದ್ಯಪಾನ, ಬಿ12 ಕೊರತೆ, ಥೈರಾಯ್ಡ್, ಕಿಡ್ನಿ ತೊಂದರೆ.
* ಕುಷ್ಠರೋಗ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ತಕ್ಷಣ ತೋರಿಸಿ.

ಮೋಟಾರ್ ನ್ಯೂರಾನ್ ತೊಂದರೆ ಬೇರೆ

ಇದು ಅಪರೂಪ. ಇಲ್ಲಿ ಸ್ಪರ್ಶಜ್ಞಾನ ಸಾಮಾನ್ಯವಾಗಿ ಸರಿಯಿರುತ್ತದೆ, ಆದರೆ ಸ್ನಾಯುಗಳು ಸೊರಗಿ ಶಕ್ತಿ ಕುಂದುತ್ತದೆ, ಮಾಂಸಖಂಡ ಅದುರುತ್ತದೆ. ಎಚ್‌ಐವಿ ಇದ್ದು ಎಎಲ್‌ಎಸ್ ಹೋಲುವ ಇಂಥ ಲಕ್ಷಣ ಕಂಡ ಕೆಲವರು ಎಆರ್‌ಟಿಯಿಂದ ಚೇತರಿಸಿಕೊಂಡಿದ್ದು 2001ರಲ್ಲಿ ವೈದ್ಯಕೀಯ ಪತ್ರಿಕೆ 'ನ್ಯೂರಾಲಜಿ'ಯಲ್ಲಿ ವರದಿಯಾಗಿದೆ. ಹಾಗಾಗಿ ಇಂಥ ಲಕ್ಷಣ ಇರುವವರಿಗೆ ಎಚ್‌ಐವಿ ಪರೀಕ್ಷೆ ಮಾಡಿಸುವುದು ಮುಖ್ಯ.

ಕಾಲಿನ ಶಕ್ತಿ ದಿನಗಳಲ್ಲೇ ಕುಸಿದರೆ, ಮೂತ್ರ ಕಟ್ಟಿದರೆ, ಉಸಿರಾಟ ಕಷ್ಟವಾದರೆ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಔಷಧ ಅಂಗಡಿಗೆ ಹೋಗುವ ಮುನ್ನ

ಉರಿಗೆಂದು ತಾವೇ ಮಾತ್ರೆ ಕೊಳ್ಳುವುದು ಅಪಾಯ. ನರನೋವಿಗೆ ಬಳಸುವ ಕಾರ್ಬಮಜೆಪಿನ್ ರಕ್ತದಲ್ಲಿ ಡೊಲುಟೆಗ್ರಾವಿರ್ ಪ್ರಮಾಣವನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಜತೆಗೇ ನುಂಗಿದರೂ ಅದು ಸರಿಯಾಗಿ ಮೈಗೆ ಸೇರುವುದಿಲ್ಲ. ಬಿ6 ಅತಿಯಾದರೆ ಅದೇ ನರಕ್ಕೆ ಹಾನಿ.

ವೈದ್ಯರು ಟ್ಯೂನಿಂಗ್ ಫೋರ್ಕ್, ಸಣ್ಣ ಸುತ್ತಿಗೆಯಿಂದಲೇ ಪಾದದ ನರಗಳನ್ನು ಪರೀಕ್ಷಿಸಬಲ್ಲರು. ನೋವಿಗೆ ಗ್ಯಾಬಪೆಂಟಿನ್, ಡುಲೋಕ್ಸೆಟಿನ್‌ನಂಥ ಔಷಧಗಳಿವೆ. ಸ್ಪರ್ಶ ತಿಳಿಯದ ಪಾದಕ್ಕೆ ಬಿಸಿ ಎಣ್ಣೆ, ಗಾಜಿನ ಚೂರು ತಾಗಿದರೂ ಗೊತ್ತಾಗದು. ರಾತ್ರಿ ಮಲಗುವ ಮುನ್ನ ಪಾದ ನೋಡಿಕೊಳ್ಳಿ, ಮುಚ್ಚಿದ ಚಪ್ಪಲಿ ಅಥವಾ ಶೂ ಧರಿಸಿ.

ಊರಿಗೆ ಮರಳುವವರು ಚಿಕಿತ್ಸೆಯನ್ನು ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಹಿಂದೆ ಯಾವ ಮಾತ್ರೆ ನುಂಗಿದ್ದಿರಿ ಎಂಬ ದಾಖಲೆ ಜತೆಗಿರಲಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಪ್ರಕಾರ ಆಸ್ಪತ್ರೆ, ಕೆಲಸದ ಜಾಗದಲ್ಲಿ ತಾರತಮ್ಯ ಮಾಡುವಂತಿಲ್ಲ. ಮಾಹಿತಿಗೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.